ಗ್ಯಾಲಕ್ಸಿ ಬದಲಾಗುವುದನ್ನು ಯಾರೂ ಕಂಡಿಲ್ಲ. ಮತ್ತೆ ಜೀವಮಾನವಿಡೀ ಅದರ ಮೇಲೆ ಸಂಶೋಧನೆ ಹೇಗೆ?

ಅರೆಬರೆ_ವಿಜ್ಞಾನ

ಬಿಯಾಟ್ರಿಸ್ ಟಿನ್ಸ್‌ಲಿ ಎಂಬ ಖಗೋಳ ವಿಜ್ಞಾನಿಯ ಬಗ್ಗೆ ಈ ವಾರ ಓದಿದೆ. ಹುಟ್ಟಿದ್ದು 1941ರಲ್ಲಿ ಇಂಗ್ಲೆಂಡಿನ ಚೆಸ್ಟರ್‌ನಲ್ಲಿ, ಬೆಳೆದದ್ದು ನ್ಯೂಜಿಲೆಂಡಿನಲ್ಲಿ, ಸಂಶೋಧನೆ ಮಾಡಿದ್ದು ಅಮೆರಿಕದಲ್ಲಿ. ತೀರಿಕೊಂಡಾಗ ಬರೀ 40 ವರ್ಷ. ಪಿಎಚ್‌ಡಿ ಮುಗಿದ ಮೇಲೆ ಸಿಕ್ಕಿದ್ದು 14 ವರ್ಷ ಚಿಲ್ಲರೆ. ಅಷ್ಟರಲ್ಲೇ ನೂರರಷ್ಟು ಲೇಖನ ಬರೆದಿದ್ದಾರೆ. ಗ್ಯಾಲಕ್ಸಿಗಳ ವಿಕಾಸ ಎನ್ನುವ ವಿಷಯಕ್ಕೆ ತಳಪಾಯ ಹಾಕಿದವರು ಇವರೇ ಅಂತ ಎಲ್ಲ ಕಡೆ ಇದೆ.

ನನಗೆ ತಲೆಗೆ ಹೋಗದ್ದು ಒಂದೇ. ಸೂರ್ಯ ನಮ್ಮ ಗ್ಯಾಲಕ್ಸಿಯನ್ನು ಒಂದು ಸುತ್ತು ಹಾಕಲು 20 ಕೋಟಿ ವರ್ಷಕ್ಕಿಂತ ಜಾಸ್ತಿ ಬೇಕು. ಮನುಷ್ಯನ ಆಯಸ್ಸಿನಲ್ಲಿ ಅಲ್ಲಿ ಏನೂ ಬದಲಾಗಿದ್ದು ಕಾಣುವುದಿಲ್ಲ. ಹಾಗಿದ್ದ ಮೇಲೆ ಗ್ಯಾಲಕ್ಸಿ ಹೇಗೆ ಹುಟ್ಟಿತು, ಹೇಗೆ ಬೆಳೆಯಿತು ಅಂತ ಒಬ್ಬರು ದಿನಾ ಕೂತು ಮಾಡುವ ಕೆಲಸ ಏನು? ಈ ಕ್ಷೇತ್ರದವರು ಇದ್ದರೆ ಬಿಡಿಸಿ ಹೇಳಿ. ಸೂತ್ರ ಇದ್ದರೂ ಪರವಾಗಿಲ್ಲ. ಪದವಿಯವರೆಗೆ ಭೌತಶಾಸ್ತ್ರ ಓದಿದ್ದೇನೆ, ಅರ್ಧ ಮರೆತಿದ್ದೇನೆ.

ರಾತ್ರಿಪಾಳಿ

ನಾನು ಇದೇ ಕ್ಷೇತ್ರದಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಜನ ತುಂಬಿದ ರೈಲು ನಿಲ್ದಾಣದ ಒಂದೇ ಒಂದು ಫೋಟೊ ನಿಮ್ಮ ಕೈಗೆ ಸಿಕ್ಕಿದೆ ಅಂದುಕೊಳ್ಳಿ. ಮನುಷ್ಯರನ್ನು ನೀವು ಅದಕ್ಕೆ ಮೊದಲು ನೋಡಿಯೇ ಇಲ್ಲ. ಅದರಲ್ಲಿ ಕಂಕುಳಲ್ಲಿ ಕೂತ ಕೂಸಿದೆ, ಓಡುವ ಹುಡುಗರಿದ್ದಾರೆ, ಕೋಲೂರಿದ ಮುದುಕರಿದ್ದಾರೆ. ಅದೊಂದನ್ನೇ ಇಟ್ಟುಕೊಂಡು ಮನುಷ್ಯ ಹೇಗೆ ಬೆಳೆಯುತ್ತಾನೆ ಅಂತ ಹೇಳಬೇಕು. ಹೇಳಬಹುದು, ಆದರೆ ಗಿಡ್ಡಗೆ ಇರುವವರೆಲ್ಲ ಮಕ್ಕಳಲ್ಲ. ಗ್ಯಾಲಕ್ಸಿಗಳಲ್ಲೂ ಅಷ್ಟೇ. ಸಣ್ಣದು ಅಂದ ಮಾತ್ರಕ್ಕೆ ಎಳೆಯದಲ್ಲ.

ನಮಗಿರುವ ಒಂದು ಅನುಕೂಲ ಅಂದರೆ ಬೆಳಕು ನಿಧಾನ. ಆಂಡ್ರೊಮಿಡಾ 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ, ಹಾಗಾಗಿ ಕಾಣುವುದು ಅದರ 25 ಲಕ್ಷ ವರ್ಷ ಹಳೆಯ ರೂಪ. ಇನ್ನೂ ದೂರ ಹೋದರೆ 500 ಕೋಟಿ, 1000 ಕೋಟಿ ವರ್ಷ ಹಿಂದಿನದು ಕಾಣುತ್ತದೆ. ಆದರೆ ಅದು ಆಂಡ್ರೊಮಿಡಾದ ಬಾಲ್ಯದ ಫೋಟೊ ಅಲ್ಲ. ಬೇರೆ ಯಾರದೋ ಬಾಲ್ಯದ ಫೋಟೊ. ಇದು ಬೆಳೆದು ಅದರಂತೆ ಆಗುತ್ತದೆ ಅಂತ ಹೇಳಬೇಕಾದರೆ ನಡುವೆ ಒಂದು ಲೆಕ್ಕ ಬೇಕು. ಟಿನ್ಸ್‌ಲಿ ಕೈಹಾಕಿದ್ದು ಆ ಲೆಕ್ಕಕ್ಕೆ.

ಗ್ಯಾಲಕ್ಸಿಯ ಬೆಳಕು ಅಂದರೆ ಹೆಚ್ಚಿನಂಶ ಅದರ ನಕ್ಷತ್ರಗಳ ಬೆಳಕಿನ ಮೊತ್ತ. ಒಂದೊಂದು ನಕ್ಷತ್ರದ ಬದುಕು ಹೇಗೆ ಸಾಗುತ್ತದೆ ಎಂಬುದು 1960ರ ದಶಕದ ಹೊತ್ತಿಗೆ ತಕ್ಕಮಟ್ಟಿಗೆ ಗೊತ್ತಿತ್ತು. ಸೂರ್ಯನಂಥದ್ದು ಸುಮಾರು 1000 ಕೋಟಿ ವರ್ಷ ಉರಿಯುತ್ತದೆ. ಸೂರ್ಯನ ಹತ್ತು ಪಟ್ಟು ತೂಕದ್ದು ಎರಡು ಮೂರು ಕೋಟಿ ವರ್ಷದಲ್ಲೇ ಮುಗಿಯುತ್ತದೆ, ಆದರೆ ಇರುವಷ್ಟು ಕಾಲ ಸಾವಿರಾರು ಸೂರ್ಯರಂತೆ ಬೆಳಗುತ್ತದೆ. ಯಾವ ತೂಕದ ನಕ್ಷತ್ರ ಎಷ್ಟೆಷ್ಟು ಹುಟ್ಟುತ್ತವೆ ಎಂಬ ಅಂದಾಜನ್ನು ಎಡ್ವಿನ್ ಸಾಲ್ಪೀಟರ್ 1955ರಲ್ಲೇ ಕೊಟ್ಟಿದ್ದರು. ಟಿನ್ಸ್‌ಲಿ ಈ ಬಿಡಿ ತುಂಡುಗಳನ್ನು ಕಂಪ್ಯೂಟರಿನಲ್ಲಿ ಒಟ್ಟಿಗೆ ಹೊಲಿದರು. ಅನಿಲ ಇಷ್ಟು ಇದೆ, ಅದರಿಂದ ನಕ್ಷತ್ರ ಈ ವೇಗದಲ್ಲಿ ಹುಟ್ಟುತ್ತವೆ, ಸತ್ತವು ಇಷ್ಟು ಅನಿಲ ವಾಪಸ್ ಉಗುಳುತ್ತವೆ, ಅದರಲ್ಲಿ ಆಮ್ಲಜನಕ, ಕಬ್ಬಿಣ ಇತ್ಯಾದಿ ಇಷ್ಟು. ಮನೆಯ ಜಮಾ ಖರ್ಚು ಬರೆದಂತೆಯೇ. ಕಾಲವನ್ನು ಒಂದೊಂದೇ ಹೆಜ್ಜೆ ಮುಂದೆ ನೂಕುತ್ತಾ ಹೋದರೆ ಗ್ಯಾಲಕ್ಸಿಯ ಬಣ್ಣ ಮತ್ತು ಹೊಳಪು ಹೇಗೆ ಬದಲಾಗುತ್ತವೆ ಅಂತ ಹೊರಬೀಳುತ್ತದೆ. 1966ರಲ್ಲಿ ಮುಗಿಸಿದ ಪಿಎಚ್‌ಡಿ ಇದೇ. 1968ರಲ್ಲಿ ಲೇಖನವಾಗಿ ಬಂತು.

ಇವತ್ತಿಗೂ ನಾನು ದಿನಾ ತೆರೆಯುವ ಪ್ರೋಗ್ರಾಮಿನ ಹೊಟ್ಟೆಯಲ್ಲಿ ಇರುವುದು ಇದೇ ಲೆಕ್ಕ. ತುಂಬಾ ದಪ್ಪಗಾಗಿದೆ, ಅಷ್ಟೇ.

ಹಳೇ_ಮಸೂರ

ರಾತ್ರಿಪಾಳಿ ಅವರು ಜಗಳದ ಭಾಗವನ್ನೇ ಬಿಟ್ಟುಬಿಟ್ಟರು! ನಾನು ಸೇರಿಸುತ್ತೇನೆ.

ಆಗ ಈ ಕ್ಷೇತ್ರದ ದೊಡ್ಡ ಹೆಸರು ಆಲನ್ ಸ್ಯಾಂಡೇಜ್. ವಿಶ್ವ ಹಿಗ್ಗುತ್ತಿದೆ ಅಂತ ತೋರಿಸಿದ ಎಡ್ವಿನ್ ಹಬಲ್ ಅವರ ಕೆಲಸವನ್ನು ಮುಂದುವರಿಸಿದವರು. ಕೈಯಲ್ಲಿ ಪಾಲೊಮಾರ್ ಬೆಟ್ಟದ 200 ಇಂಚಿನ ದೂರದರ್ಶಕ. ವಿಶ್ವವಿಜ್ಞಾನ ಅಂದರೆ ಎರಡು ಸಂಖ್ಯೆಗಳ ಹುಡುಕಾಟ ಅಂತ 1970ರಲ್ಲಿ ಅವರೇ ಬರೆದರು. ಒಂದು, ವಿಶ್ವ ಎಷ್ಟು ವೇಗವಾಗಿ ಹಿಗ್ಗುತ್ತಿದೆ. ಇನ್ನೊಂದು, ಆ ವೇಗ ಎಷ್ಟು ಕುಗ್ಗುತ್ತಿದೆ.

ಎರಡನೆಯದಕ್ಕೆ ಅವರ ಉಪಾಯ ಸರಳ. ಗ್ಯಾಲಕ್ಸಿಗಳ ದೊಡ್ಡ ಗುಂಪುಗಳಲ್ಲಿ ಎಲ್ಲಕ್ಕಿಂತ ಹೊಳೆಯುವ, ಮೊಟ್ಟೆಯಾಕಾರದ ಗ್ಯಾಲಕ್ಸಿಯನ್ನು ಆರಿಸಿಕೊಳ್ಳುವುದು. ಅವೆಲ್ಲ ಒಂದೇ ವ್ಯಾಟಿನ ಬಲ್ಬುಗಳು ಅಂತ ಇಟ್ಟುಕೊಂಡರೆ, ಎಷ್ಟು ಮಂಕಾಗಿ ಕಾಣುತ್ತದೋ ಅಷ್ಟು ದೂರ. ಇದರಿಂದ ಅವರಿಗೆ ಬಂದ ಉತ್ತರ, ಹಿಗ್ಗುವ ವೇಗ ಚೆನ್ನಾಗಿಯೇ ಕುಗ್ಗುತ್ತಿದೆ, ವಿಶ್ವ ಒಂದು ದಿನ ಮತ್ತೆ ಒಳಕ್ಕೆ ಕುಸಿಯಬಹುದು.

ಟಿನ್ಸ್‌ಲಿ ಹೇಳಿದ್ದು, ಬಲ್ಬು ಒಂದೇ ವ್ಯಾಟಿನದಲ್ಲ ಸ್ವಾಮಿ, ವಯಸ್ಸಾದಂತೆ ಮಂಕಾಗುತ್ತದೆ. ದೂರದ್ದು ಅಂದರೆ ಹಳೆಯ ಕಾಲದ್ದು, ಅಂದರೆ ಆಗ ಅದು ಎಳೆಯದು, ಆಗ ಜಾಸ್ತಿ ಹೊಳೆಯುತ್ತಿತ್ತು. ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅದನ್ನು ಇರುವುದಕ್ಕಿಂತ ಹತ್ತಿರ ಅಂದುಕೊಳ್ಳುತ್ತೀರಿ. ಈ ತಪ್ಪಿನ ಗಾತ್ರ ನೀವು ಅಳೆಯಲು ಹೊರಟ ಸಂಗತಿಯಷ್ಟೇ ದೊಡ್ಡದು. ತಿದ್ದುಪಡಿ ಹಾಕಿದರೆ ಕುಸಿಯುವ ವಿಶ್ವ ಹೋಗಿ ಎಂದೆಂದಿಗೂ ಹಿಗ್ಗುವ ವಿಶ್ವ ಬರುತ್ತದೆ.

ಇನ್ನೂ ಮೂವತ್ತು ತುಂಬದ ಹೊಸಬರು, ಮೂಲೆಯ ಊರಿನಿಂದ ಇದನ್ನು ಬರೆದರೆ ಸ್ಯಾಂಡೇಜ್ ಒಪ್ಪುತ್ತಾರಾ? ಒಪ್ಪಲಿಲ್ಲ. ವರ್ಷಗಟ್ಟಲೆ ವಾದ ನಡೆಯಿತು. ಕಡೆಗೆ ಆ ದಾರಿಯನ್ನೇ ಎಲ್ಲರೂ ಕೈಬಿಟ್ಟರು.

ತುಂಟ_ಧೂಮಕೇತು

ಸ್ಯಾಂಡೇಜ್ ಖಳನಾಯಕ, ಟಿನ್ಸ್‌ಲಿ ನಾಯಕಿ. ಚೆನ್ನಾಗಿದೆ ಕಥೆ. ಆದರೆ ಒಬ್ಬರು ವರ್ಷಗಟ್ಟಲೆ ಚಳಿಯಲ್ಲಿ ಕೂತು ನಿಜವಾದ ಆಕಾಶ ಅಳೆದಿದ್ದಾರೆ, ಇನ್ನೊಬ್ಬರು ಕಂಪ್ಯೂಟರಿನಲ್ಲಿ ಕಲ್ಪನೆಯ ಗ್ಯಾಲಕ್ಸಿ ಮಾಡಿದ್ದಾರೆ. ಅದರಲ್ಲಿ ಎಷ್ಟು ಅಂದಾಜು ಸೇರಿದೆ ನೋಡಿ. ನಕ್ಷತ್ರ ಹುಟ್ಟುವ ವೇಗ ಅಂದಾಜು, ತೂಕದ ಹಂಚಿಕೆ ಅಂದಾಜು. ಬೇಕಾದ ಉತ್ತರ ಬರುವ ತನಕ ತಿರುಪು ತಿರುಗಿಸಿದರಾಯಿತು. ಅಲ್ವಾ?

ಹಳೇ_ಮಸೂರ

ಖಳನಾಯಕ ಅಂತ ನಾನು ಹೇಳಿಲ್ಲವಲ್ಲ. 1962ರಲ್ಲಿ ಎಗೆನ್, ಲಿಂಡನ್‌ಬೆಲ್ ಜೊತೆ ಸೇರಿ ನಮ್ಮ ಕ್ಷೀರಪಥ ಹೇಗೆ ಹುಟ್ಟಿತು ಅಂತ ಬರೆದವರು ಇದೇ ಸ್ಯಾಂಡೇಜ್. ಸುತ್ತಮುತ್ತಲಿನ 221 ನಕ್ಷತ್ರಗಳ ಚಲನೆ ನೋಡಿ, ಒಂದು ದೊಡ್ಡ ಅನಿಲದ ಮೋಡ ಬೇಗನೆ ಕುಸಿದು ಗ್ಯಾಲಕ್ಸಿ ಆಯಿತು ಅಂದರು. ಹಳೆಯ ನಕ್ಷತ್ರಗಳ ನಡಿಗೆಯಿಂದಲೇ ಗ್ಯಾಲಕ್ಸಿಯ ಹುಟ್ಟನ್ನು ಓದಬಹುದು ಅಂತ ತೋರಿಸಿದ ಲೇಖನ ಅದು. ಗ್ಯಾಲಕ್ಸಿಗೂ ಚರಿತ್ರೆ ಇದೆ ಅಂತ ಗೊತ್ತಿದ್ದವರೇ. ತಮ್ಮ ಅಳತೆಗೋಲಿಗೂ ಚರಿತ್ರೆ ಇದೆ ಅನ್ನುವಾಗ ಮಾತ್ರ ಕಷ್ಟವಾಯಿತು. ಮನುಷ್ಯರೇ ಹಾಗೆ.

ರಾತ್ರಿಪಾಳಿ

ಧೂಮಕೇತು ಅವರ ಪ್ರಶ್ನೆ ಸರಿಯಾಗಿದೆ. ತಿರುಪುಗಳು ಇವೆ, ಇವತ್ತಿಗೂ ಇವೆ. ಆದರೆ ತಿರುಪು ಎಲ್ಲಿಗೆ ತಿರುಗಿಸಿದರೂ ಒಂದು ಮಾತು ಬದಲಾಗಲಿಲ್ಲ. ಹೊಸ ನಕ್ಷತ್ರ ಹುಟ್ಟುವುದು ನಿಂತ ಗ್ಯಾಲಕ್ಸಿ ಮಂಕಾಗಲೇಬೇಕು, ಕೆಂಪಾಗಲೇಬೇಕು. ಎಷ್ಟು ಎನ್ನುವುದರಲ್ಲಿ ಜಗಳ ಇರಬಹುದು, ಹೌದೋ ಅಲ್ಲವೋ ಎನ್ನುವುದರಲ್ಲಿ ಇಲ್ಲ. ಆಕೆ ಗೆದ್ದದ್ದು ಇಲ್ಲಿ. ವಿಶ್ವದ ಸಂಖ್ಯೆ ಇಷ್ಟೇ ಅಂತ ಪಟ್ಟುಹಿಡಿಯಲಿಲ್ಲ. ಗ್ಯಾಲಕ್ಸಿಯ ವಿಕಾಸ ಗೊತ್ತಾಗದೆ ನಿಮ್ಮ ಸಂಖ್ಯೆ ಸಿಗುವುದಿಲ್ಲ ಅಂದರು. ಅಲ್ಲಿಯವರೆಗೆ ಗ್ಯಾಲಕ್ಸಿ ಬರೀ ದೂರ ಅಳೆಯುವ ದೀಪ. ಅಲ್ಲಿಂದಾಚೆ ಗ್ಯಾಲಕ್ಸಿಯೇ ಓದಬೇಕಾದ ವಸ್ತು.

1974ರಲ್ಲಿ ಗಾಟ್, ಗನ್, ಶ್ರಾಮ್ ಜೊತೆ ಆಕೆ ಬರೆದ ಲೇಖನ ಇದೆ. ಇರುವ ಸಾಕ್ಷಿಗಳನ್ನೆಲ್ಲ ಒಂದೆಡೆ ಗುಡ್ಡೆ ಹಾಕಿ, ವಿಶ್ವ ಎಂದೆಂದಿಗೂ ಹಿಗ್ಗುತ್ತದೆ ಅಂದರು. 1998ರಲ್ಲಿ, ಸ್ಫೋಟಿಸುವ ನಕ್ಷತ್ರಗಳನ್ನೇ ಬಲ್ಬು ಮಾಡಿಕೊಂಡ ಸೂಪರ್‌ನೋವಾ ತಂಡಗಳು ಹಿಗ್ಗುವ ವೇಗ ಕುಗ್ಗುವುದಿರಲಿ, ಹೆಚ್ಚುತ್ತಿದೆ ಅಂತ ತೋರಿಸಿದವು. ಅದನ್ನು ಟಿನ್ಸ್‌ಲಿ ಕಂಡಿರಲಿಲ್ಲ. ಆದರೆ ಆ ತಂಡಗಳೂ ಉತ್ತರಿಸಬೇಕಾಗಿ ಬಂದ ಪ್ರಶ್ನೆ ಆಕೆಯದ್ದೇ: ನಿಮ್ಮ ಬಲ್ಬು ಹಿಂದಿನ ಕಾಲದಲ್ಲೂ ಇಷ್ಟೇ ವ್ಯಾಟಿನದಾಗಿತ್ತಾ?

ನಕ್ಷತ್ರಮೀನು

ಆಕೆಯ ವೃತ್ತಿ ಬಗ್ಗೆ ಯಾರೂ ಹೇಳಲಿಲ್ಲ. ಇಷ್ಟು ದೊಡ್ಡ ಕೆಲಸ ಮಾಡಿದವರಿಗೆ ಕೆಲಸ ಸಿಗಲಿಲ್ಲ ಅಂತ ಎಲ್ಲೋ ಓದಿದ ನೆನಪು.

ಹಳೇ_ಮಸೂರ

ನಿಜ. ಗಂಡನ ಕೆಲಸಕ್ಕಾಗಿ 1963ರಲ್ಲಿ ಡಾಲಸ್‌ಗೆ ಬಂದರು. ಪಿಎಚ್‌ಡಿ ಮಾಡಿದ್ದು ಆಸ್ಟಿನ್‌ನಲ್ಲಿ, ಅಲ್ಲಿಂದ 300 ಕಿ.ಮೀ. ದೂರ. ಓಡಾಡಿಕೊಂಡೇ ಮುಗಿಸಿದರು. ಆಮೇಲೆ ಇಬ್ಬರು ಮಕ್ಕಳನ್ನು ದತ್ತು ತೆಗೆದುಕೊಂಡರು. ಮನೆ, ಮಕ್ಕಳು, ಜೊತೆಗೆ ಅರೆಕಾಲಿಕ ಕೆಲಸ. ಡಾಲಸ್‌ನಲ್ಲಿ ಆಕೆಗೆ ಸರಿಯಾದ ಹುದ್ದೆ ಸಿಗಲೇ ಇಲ್ಲ. 1974ರಲ್ಲಿ ಸಂಸಾರ ಮುರಿಯಿತು. ಮಕ್ಕಳನ್ನು ಬಿಟ್ಟು ಹೊರಟರು. 1975ರಲ್ಲಿ ಯೇಲ್ ವಿಶ್ವವಿದ್ಯಾಲಯ ಸೇರಿದರು. 1978ರಲ್ಲಿ ಅಲ್ಲಿ ಖಗೋಳವಿಜ್ಞಾನದ ಪ್ರೊಫೆಸರ್ ಆದರು, ಆ ವಿಭಾಗದಲ್ಲಿ ಆ ಹುದ್ದೆಗೆ ಬಂದ ಮೊದಲ ಮಹಿಳೆ.

ಅದೇ 1978ರಲ್ಲಿ ಚರ್ಮದ ಕ್ಯಾನ್ಸರ್ ಗೊತ್ತಾಯಿತು. ಬಲಗೈ ಕೆಲಸ ಮಾಡದಾದಾಗ ಎಡಗೈಯಲ್ಲಿ ಬರೆಯುವುದನ್ನು ಕಲಿತರು. ಕೊನೆಯ ಲೇಖನ ಕಳಿಸಿದ್ದು ಸಾಯುವ ಕೆಲವೇ ದಿನ ಮೊದಲು. 1981ರ ಮಾರ್ಚ್ 23ಕ್ಕೆ ಹೋದರು.

ಮಕ್ಕಳನ್ನು ಬಿಟ್ಟು ಹೋದದ್ದು ಸರಿಯಾ ತಪ್ಪಾ ಅಂತ ಇಲ್ಲಿ ಚರ್ಚೆ ಶುರು ಮಾಡಬೇಡಿ ದಯವಿಟ್ಟು. ಇದೇ ಕಾಲದ ಗಂಡಸು ವಿಜ್ಞಾನಿಗಳ ಬಗ್ಗೆ ಬರೆಯುವಾಗ ಈ ಪ್ರಶ್ನೆ ಬರುವುದೇ ಇಲ್ಲ.

ತುಂಟ_ಧೂಮಕೇತು

ಅದನ್ನು ಕೇಳುವವನಲ್ಲ ನಾನು. ತಿರುಪಿನ ಉತ್ತರ ಒಪ್ಪಿಕೊಂಡೆ, ಮುಂದೆ ಹೇಳಿ.

ರಾತ್ರಿಪಾಳಿ

ಯೇಲ್‌ನ ಆ ಐದಾರು ವರ್ಷಗಳಲ್ಲಿ ನನಗೆ ತುಂಬಾ ಇಷ್ಟವಾದ ಕೆಲಸ 1978ರದ್ದು. ರಿಚರ್ಡ್ ಲಾರ್ಸನ್ ಜೊತೆ ಮಾಡಿದ್ದು. ಹಾಲ್ಟನ್ ಆರ್ಪ್ ವಿಚಿತ್ರ ಆಕಾರದ ಗ್ಯಾಲಕ್ಸಿಗಳ ಒಂದು ಆಲ್ಬಮ್ ಮಾಡಿದ್ದರು. ಬಾಲ ಬಂದವು, ಹರಿದುಹೋದವು, ಒಂದಕ್ಕೊಂದು ಅಂಟಿಕೊಂಡವು. 1972ರಲ್ಲಿ ಟೂಮ್ರೆ ಸೋದರರು ಕಂಪ್ಯೂಟರಿನಲ್ಲಿ ಎರಡು ಗ್ಯಾಲಕ್ಸಿಗಳನ್ನು ಹತ್ತಿರ ಹಾಯಿಸಿ, ಇಂಥ ಬಾಲಗಳು ಬರೀ ಗುರುತ್ವದಿಂದಲೇ ಬರುತ್ತವೆ ಅಂತ ತೋರಿಸಿದ್ದರು. ಲಾರ್ಸನ್ ಮತ್ತು ಟಿನ್ಸ್‌ಲಿ ಅವುಗಳ ಬಣ್ಣ ನೋಡಿದರು. ಸಾಮಾನ್ಯ ಗ್ಯಾಲಕ್ಸಿಗಳ ಬಣ್ಣ ಒಂದು ಸಣ್ಣ ಪಟ್ಟಿಯೊಳಗೆ ಅಚ್ಚುಕಟ್ಟಾಗಿ ಕೂರುತ್ತದೆ. ವಿಚಿತ್ರದವು ಎಲ್ಲೆಂದರಲ್ಲಿ ಚೆದುರಿಕೊಂಡಿದ್ದವು. ಯಾಕೆ? ಡಿಕ್ಕಿಯಾದಾಗ ಅನಿಲ ಒತ್ತರಿಸಿಕೊಂಡು ಒಮ್ಮೆಲೇ ರಾಶಿ ನಕ್ಷತ್ರ ಹುಟ್ಟುತ್ತವೆ, ಆಮೇಲೆ ಆರುತ್ತದೆ. ಬಣ್ಣವೇ ಆ ಘಟನೆಯ ಗಡಿಯಾರ.

ನನ್ನ ಪಿಎಚ್‌ಡಿ ಶುರುವಾದದ್ದು ಇದೇ ಪ್ರಶ್ನೆಯಿಂದ. ಗಾಳಿಸುದ್ದಿ ಬೇಡ, ಡಿಕ್ಕಿಯಾದ ಗ್ಯಾಲಕ್ಸಿಗಳ ರೋಹಿತ (ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿ) ತೆಗೆದು ನಾನೇ ನೋಡುತ್ತೇನೆ ಅಂತ ಹೊರಟೆ. ಮೊದಲ ಸಲ ಒಂದು ದೊಡ್ಡ ದೂರದರ್ಶಕದಲ್ಲಿ ನಾಲ್ಕು ರಾತ್ರಿ ಸಿಕ್ಕಿತು. ನಾಲ್ಕೂ ರಾತ್ರಿ ಮೋಡ. ಗುಮ್ಮಟ ತೆರೆಯಲೇ ಇಲ್ಲ. ಮೋಡ ಬಂದರೆ ಬದಲಿ ರಾತ್ರಿ ಕೊಡುವುದಿಲ್ಲ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿ ಸಾಲಿನಲ್ಲಿ ನಿಲ್ಲಬೇಕು. ಆ ವರ್ಷ ನಾನು ಕೋಡ್ ಬರೆಯುವುದು ಕಲಿತೆ. ಬೇರೆ ದಾರಿ ಇರಲಿಲ್ಲ.

ಅರೆಬರೆ ಅವರು ದಿನದ ಕೆಲಸ ಕೇಳಿದ್ದರಲ್ಲ. ನಿಜ ಹೇಳಬೇಕೆಂದರೆ ದೂರದರ್ಶಕದ ಹತ್ತಿರ ಇರುವುದು ವರ್ಷಕ್ಕೆ ಕೆಲವೇ ದಿನ. ಉಳಿದಂತೆ ಚಿತ್ರದಿಂದ ಕಸ ತೆಗೆಯುವುದು. ಆಕಾಶದ ಮಿನುಗು, ಉಪಕರಣದ ಕಲೆ, ಹಾದುಹೋದ ಉಪಗ್ರಹದ ಗೀರು. ಆಮೇಲೆ ಹೊಂದಿಸುವುದು: ಈ ಬೆಳಕಿಗೆ ಎಷ್ಟು ನಕ್ಷತ್ರ, ಎಷ್ಟು ವಯಸ್ಸು, ನಡುವೆ ಎಷ್ಟು ದೂಳು. ದೂಳು ಮಹಾ ಮೋಸಗಾರ. ಎಳೆಯ ಗ್ಯಾಲಕ್ಸಿಗೆ ದೂಳು ಮುಸುಕಿದರೆ ಥೇಟ್ ಮುದಿಯಂತೆ ಕೆಂಪಗೆ ಕಾಣುತ್ತದೆ. ನನ್ನ ಎರಡನೇ ಲೇಖನ ಆರು ತಿಂಗಳು ಈ ಒಂದು ವಿಷಯಕ್ಕೇ ನಿಂತಿತ್ತು.

ಚುಕ್ಕಿಎಣಿಕೆ

ನಾನು ಎಂಎಸ್ಸಿ ಕೊನೆಯ ವರ್ಷ. ಗ್ಯಾಲಕ್ಸಿ ಕ್ಷೇತ್ರಕ್ಕೆ ಬರಬೇಕು ಅಂತ ಆಸೆ. ಏನು ಕಲಿಯಬೇಕು ಸರ್? ಅರ್ಜಿ ಹಾಕಿದರೂ ದೂರದರ್ಶಕದ ಸಮಯ ದೊಡ್ಡ ಹೆಸರಿನವರಿಗೇ ಸಿಗುತ್ತದೆ ಅಂತಾರೆ, ಹೌದಾ?

ರಾತ್ರಿಪಾಳಿ

ಸರ್ ಅಲ್ಲ, ಮೇಡಂ :)

ಸಂಖ್ಯಾಶಾಸ್ತ್ರ ಗಟ್ಟಿಯಾಗಿ ಕಲಿಯಿರಿ. ಪೈಥಾನ್ ಬರಲೇಬೇಕು. ನಕ್ಷತ್ರಗಳ ಭೌತಶಾಸ್ತ್ರವನ್ನು ಮರೆಯಬೇಡಿ. ತುಂಬಾ ಜನ ನೇರವಾಗಿ, ಗುರುತ್ವದಿಂದಷ್ಟೇ ಗೊತ್ತಾಗುವ ಕಾಣದ ದ್ರವ್ಯ ಅಂದರೆ ಡಾರ್ಕ್ ಮ್ಯಾಟರ್‌ಗೆ ಹಾರುತ್ತಾರೆ, ಆಮೇಲೆ ಕೆಂಪು ದೈತ್ಯ ಅಂದರೆ ಏನು ಅಂತ ಕೇಳಿದರೆ ತಡವರಿಸುತ್ತಾರೆ.

ಅರ್ಜಿ ವಿಷಯ: ಪೈಪೋಟಿ ಕಠಿಣ. ಜೇಮ್ಸ್ ವೆಬ್ ದೂರದರ್ಶಕದಲ್ಲಿ ಇತ್ತೀಚಿನ ಸುತ್ತುಗಳಲ್ಲಿ, ಇರುವ ಸಮಯದ ಸುಮಾರು ಒಂಬತ್ತು ಪಟ್ಟು ಸಮಯಕ್ಕೆ ಬೇಡಿಕೆ ಬಂದಿದೆ. ಆದರೆ ಹೆಸರಿನ ಪ್ರಭಾವ ಕಡಿಮೆಯಾಗಿದೆ. ಹಬಲ್ ದೂರದರ್ಶಕದವರು 2018ರಲ್ಲಿ ಅರ್ಜಿದಾರರ ಹೆಸರನ್ನೇ ಮರೆಮಾಡಿ ಓದಿಸಿದರು. ಆ ಸಲ ಮಹಿಳೆಯರು ಮುಂದಾಳಾಗಿದ್ದ ಅರ್ಜಿಗಳ ಗೆಲುವಿನ ಪ್ರಮಾಣ ಪುರುಷರದ್ದಕ್ಕಿಂತ ತುಸು ಮೇಲೆ ಬಂತು. ಟಿನ್ಸ್‌ಲಿ ಕಾಲದಲ್ಲಿ ಹೀಗಿದ್ದರೆ ಅಂತ ಅನಿಸದೇ ಇರುವುದಿಲ್ಲ.

ಒಂದು ಕಹಿ ಮಾತನ್ನೂ ಕೇಳಿಸಿಕೊಳ್ಳಿ. ಪಿಎಚ್‌ಡಿ ಆದ ಮೇಲೆ ಎರಡು ಮೂರು ವರ್ಷದ ಗುತ್ತಿಗೆಯಂಥ ಹುದ್ದೆಗಳು. ಒಂದಾದ ಮೇಲೆ ಒಂದು, ಬೇರೆ ಬೇರೆ ದೇಶ. ನನಗೆ ಖಾಯಂ ಕೆಲಸ ಸಿಕ್ಕಿದ್ದು ಮೂರನೆಯದರ ಕೊನೆಯಲ್ಲಿ. ಜೊತೆಗೆ ಶುರು ಮಾಡಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಈಗ ಬೇರೆ ಕೆಲಸದಲ್ಲಿದ್ದಾರೆ. ಅವರು ಸೋತವರು ಅಂತ ಅಲ್ಲ. ಕೆಲವರು ನನಗಿಂತ ಬುದ್ಧಿವಂತರು.

ನಕ್ಷತ್ರಮೀನು

ಒಂದು ಸಣ್ಣ ಅನುಮಾನ. ಪುಸ್ತಕಗಳಲ್ಲಿ ಮೊಟ್ಟೆಯಾಕಾರದವನ್ನು ಮೊದಲ ಬಗೆ, ಸುರುಳಿಯವನ್ನು ನಂತರದ ಬಗೆ ಅಂತ ಕರೆದಿದ್ದಾರೆ. ಅಂದರೆ ಮೊಟ್ಟೆಯೇ ಬೆಳೆದು ಸುರುಳಿ ಆಗುವುದಾ?

ಹಳೇ_ಮಸೂರ

ಇಲ್ಲ. ಅದು ಹಬಲ್ ಕಾಲದ ಹೆಸರು, ಸುಮ್ನೆ ಉಳಿದುಕೊಂಡಿದೆ. ದೊಡ್ಡ ಮೊಟ್ಟೆಯಾಕಾರದವು ಬಹಳಷ್ಟು ಸಲ ಬೇರೆ ಗ್ಯಾಲಕ್ಸಿಗಳು ಸೇರಿ ಆದವು. ಸಾಗಿದ ದಾರಿ ಹೆಚ್ಚುಕಮ್ಮಿ ತಿರುಗುಮುರುಗು.

ರಾತ್ರಿಪಾಳಿ

ಸೇರುವುದು ಅಂದಾಗ ನೆನಪಾಯಿತು. 1962ರ ಒಂದೇ ಮೋಡದ ಕಥೆಗೆ 1978ರಲ್ಲಿ ಸರ್ಲ್ ಮತ್ತು ಜಿನ್ ಬೇರೆ ಕಥೆ ಇಟ್ಟರು. ಕ್ಷೀರಪಥದ ಹೊರಭಾಗ ಸಣ್ಣಸಣ್ಣ ತುಂಡುಗಳಿಂದ ನಿಧಾನಕ್ಕೆ ಕೂಡಿದ್ದು ಅಂತ. ಅದೇ ವರ್ಷ ವೈಟ್ ಮತ್ತು ರೀಸ್, ಮೊದಲು ಡಾರ್ಕ್ ಮ್ಯಾಟರಿನ ಗುಡ್ಡೆಗಳಾಗುತ್ತವೆ, ಆಮೇಲೆ ಅದರೊಳಗೆ ಅನಿಲ ತಣ್ಣಗಾಗಿ ಇಳಿದು ಗ್ಯಾಲಕ್ಸಿ ಆಗುತ್ತದೆ ಅಂದರು. ನಲವತ್ತು ವರ್ಷ ಕಳೆದ ಮೇಲೆ, 2018ರಲ್ಲಿ, ನಕ್ಷತ್ರಗಳ ಜಾಗ, ಚಲನೆ ಅಳೆದ ಗಾಯಾ ಉಪಗ್ರಹದ ಮಾಹಿತಿಯಲ್ಲಿ ನಮ್ಮ ಕ್ಷೀರಪಥವೇ ಸುಮಾರು 1000 ಕೋಟಿ ವರ್ಷ ಹಿಂದೆ ನುಂಗಿದ ಒಂದು ಗ್ಯಾಲಕ್ಸಿಯ ನಕ್ಷತ್ರಗಳು ಸಿಕ್ಕವು. ಉಲ್ಟಾ ದಿಕ್ಕಿಗೆ, ಉದ್ದುದ್ದ ಹಾದಿಯಲ್ಲಿ ಓಡಾಡುತ್ತಿರುವ ನಕ್ಷತ್ರಗಳು. ಆ ಲೇಖನ ಬಂದ ದಿನ ನಮ್ಮ ಗುಂಪಿನಲ್ಲಿ ಯಾರೂ ಬೇರೆ ಕೆಲಸ ಮಾಡಲಿಲ್ಲ.

ತುಂಟ_ಧೂಮಕೇತು

ಹಾಗಿದ್ದರೆ ಜೇಮ್ಸ್ ವೆಬ್ ಬಂದ ಮೇಲೆ ಎಲ್ಲ ಲೆಕ್ಕ ತಲೆಕೆಳಗಾಯಿತು ಅಂತ ಸುದ್ದಿ ಬಂತಲ್ಲ, ಅದು?

ರಾತ್ರಿಪಾಳಿ

ತಲೆಕೆಳಗಾಗಲಿಲ್ಲ, ಬೆವರು ಬಂತು. ಅಷ್ಟು ಹಿಂದಿನ ಕಾಲದಲ್ಲಿ ಅಷ್ಟು ಹೊಳೆಯುವ ಗ್ಯಾಲಕ್ಸಿಗಳು ಇಷ್ಟೊಂದು ಇರುತ್ತವೆ ಅಂತ ಯಾರೂ ಅಂದುಕೊಂಡಿರಲಿಲ್ಲ. 2024ರಲ್ಲಿ ಪ್ರಕಟವಾದ ಒಂದು, ಮಹಾಸ್ಫೋಟವಾಗಿ ಸುಮಾರು 30 ಕೋಟಿ ವರ್ಷವಾದಾಗಿನದು. ಮರುವರ್ಷ ಅದರಲ್ಲಿ ಆಮ್ಲಜನಕವೂ ಸಿಕ್ಕಿತು. ಆಮ್ಲಜನಕ ಬೇಕಾದರೆ ದೊಡ್ಡ ನಕ್ಷತ್ರ ಹುಟ್ಟಿ, ಉರಿದು, ಸತ್ತಿರಬೇಕು. ಅಷ್ಟು ಬೇಗ!

ಆದರೆ ಮೊದಮೊದಲು ಘೋಷಿಸಿದ ಕೆಲವು ಭಾರೀ ತೂಕಗಳು ಆಮೇಲೆ ಇಳಿದವು. ಕೆಲವದರಲ್ಲಿ ಬೆಳಕಿನ ಒಂದು ಪಾಲು ಕಪ್ಪುಕುಳಿಗೆ ಬೀಳುವ ಅನಿಲದ್ದು, ನಕ್ಷತ್ರದ್ದಲ್ಲ. ನಮಗೆ ಕಾಣುವುದು ಬೆಳಕು, ನಾವು ಹೇಳುವುದು ತೂಕ. ನಡುವಿನ ಸೇತುವೆ ಟಿನ್ಸ್‌ಲಿಯ ಜಮಾ ಖರ್ಚು. ಅಲ್ಲಿ ಒಂದು ಅಂದಾಜು ಅಲುಗಿದರೆ ಉತ್ತರ ಹತ್ತು ಪಟ್ಟು ಅಲುಗಬಹುದು.

ಅರೆಬರೆ_ವಿಜ್ಞಾನ

ಇಷ್ಟೆಲ್ಲ ಓದಿ ಸುಮ್ಮನಿರಲು ಆಗಲಿಲ್ಲ. ನಿನ್ನೆ ರಾತ್ರಿ ಎಕ್ಸೆಲ್‌ನಲ್ಲಿ ಒಂದು ಆಟಿಕೆ ಗ್ಯಾಲಕ್ಸಿ ಮಾಡಿದೆ. ಎಲ್ಲ ನಕ್ಷತ್ರಗಳೂ ಒಂದೇ ದಿನ ಹುಟ್ಟಿದವು ಅಂತ ಇಟ್ಟುಕೊಂಡೆ. ತೂಕದ ಹಂಚಿಕೆ ಸಾಲ್ಪೀಟರ್‌ದು. ಹೊಳಪು ತೂಕದ 3.5ನೇ ಘಾತ. ಆಯಸ್ಸು, ತೂಕವನ್ನು ಹೊಳಪಿನಿಂದ ಭಾಗಿಸಿದಷ್ಟು, ಸೂರ್ಯನಿಗೆ 1000 ಕೋಟಿ ವರ್ಷ. ಆಯಸ್ಸು ಮುಗಿದ ನಕ್ಷತ್ರವನ್ನು ಅಳಿಸುತ್ತಾ ಹೋದೆ.

500 ಕೋಟಿ ವರ್ಷದಲ್ಲಿ ಸೂರ್ಯನ 1.32 ಪಟ್ಟಿಗಿಂತ ಭಾರದವು ಯಾವುವೂ ಉಳಿದಿಲ್ಲ. 1000 ಕೋಟಿಯಲ್ಲಿ ಸೂರ್ಯನಷ್ಟರದ್ದೇ ಕೊನೆ. ಎರಡೂ ಹೊಳಪನ್ನು ಭಾಗಿಸಿದರೆ ಎಳೆಯದು 1.8 ಪಟ್ಟು ಜಾಸ್ತಿ ಬೆಳಗುತ್ತದೆ. ಇದು ಗೊತ್ತಿಲ್ಲದೆ ಎರಡೂ ಒಂದೇ ಬಲ್ಬು ಅಂದುಕೊಂಡಿದ್ದರೆ, ದೂರದ್ದನ್ನು ಅದರ ನಿಜವಾದ ದೂರದ ಮುಕ್ಕಾಲು ಭಾಗದಲ್ಲೇ ಇದೆ ಅನ್ನುತ್ತಿದ್ದೆ. ನಲವತ್ತು ಸಾಲಿನ ಎಕ್ಸೆಲ್! ಸ್ಯಾಂಡೇಜ್‌ಗೆ ಯಾಕೆ ಸಿಟ್ಟು ಬಂತು ಅಂತ ಈಗ ಗೊತ್ತಾಯಿತು.

ರಾತ್ರಿಪಾಳಿ

ಆಹಾ, ಇದು ಕೆಲಸ! ಘಾತ ಸರಿಯಾಗಿದೆ, 1.8 ಸರಿಯಾಗಿದೆ. ಆದರೆ ಸತ್ತ ನಕ್ಷತ್ರವನ್ನು ನೇರ ಅಳಿಸಿಬಿಟ್ಟಿದ್ದೀರಿ. ಸಾಯುವ ಮೊದಲು ಅದು ಊದಿಕೊಂಡು ಜೋರಾಗಿ ಬೆಳಗುವ ಕೆಂಪು ದೈತ್ಯ ಆಗಬೇಕಲ್ಲ? ಮುದಿ ಗ್ಯಾಲಕ್ಸಿಯ ಬೆಳಕಿನಲ್ಲಿ ದೊಡ್ಡ ಪಾಲು ಅವುಗಳದ್ದೇ.

ಅರೆಬರೆ_ವಿಜ್ಞಾನ

ಅಯ್ಯೋ. ಮರೆತೇಬಿಟ್ಟೆ. ಭಾನುವಾರ ಸೇರಿಸಿ ಮತ್ತೆ ಹಾಕುತ್ತೇನೆ.

ಚುಕ್ಕಿಎಣಿಕೆ

ಆ ಫೈಲ್ ನನಗೂ ಕಳಿಸುತ್ತೀರಾ? ದೈತ್ಯಗಳನ್ನು ನಾನು ಸೇರಿಸಿ ನೋಡುತ್ತೇನೆ.